ಹುಸೇನ್ ಸಾಗರದ ದಡದಿಂದ ನಗರದ ರಾತ್ರಿಚಿತ್ರ: ದೀರ್ಘಾವಧಿ ಛಾಯಾಗ್ರಹಣದ ಬಗ್ಗೆ ಕೆಲವು ವಿಚಾರಗಳು

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಆಲ್ಬಮ್ಮುಗಳಲ್ಲಿ ಹುಸೇನ್ ಸಾಗರದ ರಾತ್ರಿಯ ಚಿತ್ರವೊಂದಾದರೂ ಇದ್ದೇ ಇರುತ್ತದೆ. ಕಲಬುರಗಿಯಿಂದಲೋ ಧಾರವಾಡದಿಂದಲೋ ನೆಂಟರು ಬಂದಾಗ ಊಟಕ್ಕೆ ಮುನ್ನ ಎಲ್ಲರನ್ನೂ ಟ್ಯಾಂಕ್‌ಬಂಡಿಗೆ ಕರೆದೊಯ್ಯುವುದು, ದಂಡೆಯ ಗೋಡೆಗೆ ಒರಗಿ ನಿಂತು ಕೆರೆಯಾಚೆಯ ದೀಪಗಳನ್ನು ಕ್ಯಾಮೆರಾದಲ್ಲಿ ಹಿಡಿಯಲೆತ್ನಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಆದರೆ ಆ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಮೇಲೆ ಮಸಿಯಂಥ ಆಕಾಶ, ಕೆಳಗೆ ಮಸಿಯಂಥ ನೀರು, ನಡುವೆ ಬಿಳಿಯ ಕಲೆಯಂತೆ ಬುದ್ಧ, ಸುತ್ತ ಅಲುಗಿದ ದೀಪಗಳ ಗೀಚು. ಕಣ್ಣಿಗೆ ಅಷ್ಟು ಚೆಲುವಾಗಿ ಕಂಡ ನಗರ ಚಿತ್ರದಲ್ಲಿ ಇರುವುದಿಲ್ಲ.

ಇದಕ್ಕೆ ಕ್ಯಾಮೆರಾ ಅಗ್ಗದ್ದಾಗಿರುವುದೇ ಕಾರಣವೆಂದು ಭಾವಿಸಿ ದುಬಾರಿ ಕ್ಯಾಮೆರಾ ಕೊಂಡವರನ್ನು ನಾವು ಬಲ್ಲೆವು. ನಾವೂ ಅವರಲ್ಲಿ ಒಬ್ಬರಾಗಿದ್ದೆವು. ಹೊಸ ಕ್ಯಾಮೆರಾದಲ್ಲಿಯೂ ಅದೇ ಮಸಿಯ ಆಕಾಶ ಮೂಡಿಬಂದಾಗ ತಪ್ಪು ಬೇರೆಡೆಯಿದೆಯೆಂದು ಮನಗಂಡೆವು. ತಪ್ಪುಗಳು ಮುಖ್ಯವಾಗಿ ಎರಡು. ಮೊದಲನೆಯದು, ನಾವು ತಡವಾಗಿ ಬರುತ್ತೇವೆ. ಎರಡನೆಯದು, ಏನೋ ಒಂದು ಅಲುಗುತ್ತಿರುತ್ತದೆ. ಉಳಿದೆಲ್ಲ ಸೂಕ್ಷ್ಮಗಳು ಇವೆರಡರ ನಂತರದವು.

ರಾತ್ರಿಚಿತ್ರಕ್ಕೆ ರಾತ್ರಿ ಸಲ್ಲದು

ಇದು ವಿಚಿತ್ರವಾಗಿ ತೋರಬಹುದು. ಆದರೆ ನಾವು ಮೆಚ್ಚುವ ಒಳ್ಳೆಯ ರಾತ್ರಿಚಿತ್ರಗಳಲ್ಲಿ ಬಹುಪಾಲು ರಾತ್ರಿಯಲ್ಲಿ ತೆಗೆದವಲ್ಲ, ಮುಸ್ಸಂಜೆಯಲ್ಲಿ ತೆಗೆದವು. ಸೂರ್ಯ ಮುಳುಗಿದ ಮೇಲೆ ಆಕಾಶದ ಬೆಳಕು ಬಹು ಶೀಘ್ರವಾಗಿ ಇಳಿಯುತ್ತದೆ. ಹೈದರಾಬಾದು ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕಿಳಿಯುವುದರಿಂದ ಸಂಧ್ಯೆಯು ಯೂರೋಪಿನಂತೆ ಗಂಟೆಗಟ್ಟಲೆ ಎಳೆಯುವುದಿಲ್ಲ. ಸೂರ್ಯಾಸ್ತದಿಂದ ಇಪ್ಪತ್ತೆರಡು-ಇಪ್ಪತ್ಮೂರು ನಿಮಿಷಗಳಲ್ಲಿ ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿರುತ್ತಾನೆ. ಈ ಅವಧಿಯಲ್ಲಿ ಆಕಾಶದ ಬೆಳಕು ಸರಿಸುಮಾರು ಮೂರು-ನಾಲ್ಕು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಹೋಗುತ್ತದೆ. ನಗರದ ದೀಪಗಳಾದರೋ ಹೊತ್ತಿಕೊಂಡ ಮೇಲೆ ಏಕಪ್ರಕಾರವಾಗಿ ಉರಿಯುತ್ತಿರುತ್ತವೆ. ಹೀಗಾಗಿ ಇಳಿಯುತ್ತಿರುವ ಆಕಾಶದ ಬೆಳಕು ಸ್ಥಿರವಾಗಿರುವ ದೀಪಗಳ ಬೆಳಕಿಗೆ ಸಮನಾಗುವ ಗಳಿಗೆಯೊಂದು ಬಂದೇ ಬರುತ್ತದೆ. ಅದಕ್ಕೆ ಮೊದಲು ತೆಗೆದರೆ ದೀಪಗಳು ಮಂಕು, ಅದರ ನಂತರ ಆಕಾಶ ಕಪ್ಪು. ಆ ಗಳಿಗೆಯ ಆಸುಪಾಸಿನ ಹತ್ತು-ಹದಿನೈದು ನಿಮಿಷಗಳಲ್ಲಿ ಆಕಾಶಕ್ಕೆ ಗಾಢ ನೀಲಿಯಿರುತ್ತದೆ, ಕಟ್ಟಡಗಳ ಅಂಚುಗಳು ಅದರೆದುರು ಸ್ಪಷ್ಟವಾಗಿ ಕಾಣುತ್ತವೆ, ಕೆರೆಯ ನೀರೂ ಅದೇ ನೀಲಿಯನ್ನು ತೆಗೆದುಕೊಳ್ಳುತ್ತದೆ.

ನಮ್ಮ ನಗರದಲ್ಲಿ ಸೂರ್ಯಾಸ್ತವು ನವೆಂಬರ್ ಕೊನೆಯಲ್ಲಿ ಸಂಜೆ 5-40ರ ಸುಮಾರಿಗೆ, ಜೂನ್ ಕೊನೆಯಲ್ಲಿ 6-55ರ ಸುಮಾರಿಗೆ ಆಗುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಸಂಜೆ ಆರರ ಹೊತ್ತಿಗೂ ಮುಂಗಾರಿನಲ್ಲಿ ಏಳೂಕಾಲರ ಹೊತ್ತಿಗೂ ಕ್ಯಾಮೆರಾ ಸಿದ್ಧವಾಗಿ ನಿಂತಿರಬೇಕು. ನಾವೆಲ್ಲ ಸಾಮಾನ್ಯವಾಗಿ ಟ್ಯಾಂಕ್‌ಬಂಡ್ ತಲಪುವುದು ಎಂಟು ಗಂಟೆಗೆ. ಅಷ್ಟು ಹೊತ್ತಿಗೆ ಯಾವ ಕ್ಯಾಮೆರಾ ತಂದರೂ ಆಕಾಶ ಮರಳಿ ಬಾರದು.

ಮಾಧಾಪುರ, ಗಚ್ಚಿಬೌಲಿ ಕಡೆಯ ಕಚೇರಿ ಕಟ್ಟಡಗಳನ್ನು ತೆಗೆಯುವವರು ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಅಲ್ಲಿಯ ಗಾಜಿನ ಕಟ್ಟಡಗಳಿಗೆ ಜೀವ ಬರುವುದು ಒಳಗಿನ ದೀಪಗಳಿಂದ. ಭಾನುವಾರ ನಮಗೆ ಬಿಡುವಿರುತ್ತದೆ, ಕಟ್ಟಡಗಳಲ್ಲಿ ದೀಪಗಳಿರುವುದಿಲ್ಲ. ವಾರದ ನಡುವಿನ ದಿನ, ಅದರಲ್ಲಿಯೂ ಕಚೇರಿ ಬಿಡುವ ಮೊದಲೇ ಸಂಜೆಯಾಗುವ ಚಳಿಗಾಲದ ದಿನ ಉತ್ತಮ. ಆದರೆ ಚಳಿಗಾಲದಲ್ಲಿ ಹೊಗೆ-ಧೂಳು ನೆಲದ ಮಟ್ಟದಲ್ಲಿಯೇ ನಿಂತು ದೂರದ ಕಟ್ಟಡಗಳು ಮಸುಕಾಗುವುದುಂಟು. ಗಾಳಿ ತೊಳೆದಂತೆ ಇರಬೇಕಾದರೆ ಜುಲೈ-ಸೆಪ್ಟೆಂಬರಿನಲ್ಲಿ ಮಳೆ ಸುರಿದು ನಿಂತ ಸಂಜೆಯನ್ನು ಕಾಯಬೇಕು. ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ಎಲ್ಲಿ ನಿಲ್ಲಬೇಕು

ಹುಸೇನ್ ಸಾಗರವು 16ನೆಯ ಶತಮಾನದಲ್ಲಿ ಕುತುಬ್‌ಶಾಹಿಗಳ ಕಾಲದಲ್ಲಿ ಕಟ್ಟಿದ ಕೆರೆ. ಅದರ ಪೂರ್ವದ ಏರಿಯೇ ಟ್ಯಾಂಕ್‌ಬಂಡ್. ಏರಿಯ ಮೇಲೆ ನಿಂತವರು ಪಶ್ಚಿಮಕ್ಕೆ ಮುಖ ಮಾಡಿರುತ್ತಾರೆ. ಅಂದರೆ ಸೂರ್ಯಾಸ್ತದ ನಂತರದ ಬೆಳಕು ನೇರವಾಗಿ ಬುದ್ಧನ ಹಿಂದೆ ಇರುತ್ತದೆ. ಆಕಾಶದ ಆ ಭಾಗವೇ ಕೊನೆಯವರೆಗೆ ಬೆಳಗುವುದರಿಂದ ಟ್ಯಾಂಕ್‌ಬಂಡಿನವರಿಗೆ ಐದಾರು ನಿಮಿಷ ಹೆಚ್ಚು ದೊರೆಯುತ್ತದೆ. ಬಿಳಿ ಗ್ರಾನೈಟಿನ ಏಕಶಿಲಾ ಬುದ್ಧನ ಕಥೆ ಹಿರಿಯರಿಗೆ ನೆನಪಿರಬಹುದು. 1990ರ ಮಾರ್ಚಿನಲ್ಲಿ ಸಾಗಿಸುವಾಗ ದೋಣಿ ಮಗುಚಿ ಪ್ರಾಣಹಾನಿಯಾಗಿ, ವಿಗ್ರಹ ಎರಡು ವರ್ಷಕ್ಕೂ ಹೆಚ್ಚು ಕಾಲ ಕೆರೆಯ ತಳದಲ್ಲಿಯೇ ಇತ್ತು. 1992ರ ಡಿಸೆಂಬರ್ 1ರಂದು ಅದನ್ನು ಬಂಡೆಯ ಮೇಲೆ ನಿಲ್ಲಿಸಲಾಯಿತು.

ಏರಿಯ ಸಿಕಂದರಾಬಾದ್ ಕಡೆಯ ತುದಿಯಿಂದ ದಕ್ಷಿಣಕ್ಕೆ ತಿರುಗಿದರೆ ಹೊಸ ಸಚಿವಾಲಯದ ಗುಮ್ಮಟಗಳು, ಅದರಾಚೆ ನೌಬತ್ ಪಹಾಡ್ ಮೇಲಿನ ಬಿರ್ಲಾ ಮಂದಿರ ಕಾಣುತ್ತವೆ. 1976ರಿಂದ ಇರುವ ಆ ಅಮೃತಶಿಲೆಯ ಮಂದಿರದ ಮೇಲಿನಿಂದ ಕೆರೆಯ ನೋಟ ಬಹು ಸೊಗಸು. ಆದರೆ ಅಲ್ಲಿಗೆ ಕ್ಯಾಮೆರಾ, ಮೊಬೈಲು ಒಯ್ಯುವಂತಿಲ್ಲವಾದ್ದರಿಂದ ಅದನ್ನು ಕಣ್ಣಿನಲ್ಲಿಯೇ ತುಂಬಿಕೊಂಡು ಬರಬೇಕು.

ಕೆರೆಯ ಪಶ್ಚಿಮದ ನೆಕ್ಲೇಸ್ ರಸ್ತೆಯಿಂದ ನೋಡುವವರು ಪೂರ್ವಕ್ಕೆ ಮುಖ ಮಾಡಿರುತ್ತಾರೆ. ಅಲ್ಲಿ ಸಂಜೆಯ ಕೆಂಪಿಲ್ಲ. ಬದಲಿಗೆ ಹುಣ್ಣಿಮೆಯ ಚಂದ್ರ ಏಳುವುದು ಆ ಕಡೆಯಿಂದ. ನಮ್ಮ ಮನೆಗಳಲ್ಲಿ ಪಂಚಾಂಗ ಹೇಗೂ ಗೋಡೆಯ ಮೇಲಿರುತ್ತದೆ. ಛಾಯಾಗ್ರಾಹಕನಿಗೆ ಅದಕ್ಕಿಂತ ಉಪಯುಕ್ತವಾದ ಪುಸ್ತಕ ಬೇರೊಂದಿಲ್ಲವೆಂದು ನಮ್ಮ ಮತ. ಹುಣ್ಣಿಮೆಯಂದು ಚಂದ್ರೋದಯ ಸೂರ್ಯಾಸ್ತದ ಆಸುಪಾಸಿನಲ್ಲಿಯೇ ಆಗುವುದರಿಂದ ನೀಲಿಯ ಆಕಾಶದಲ್ಲಿಯೇ ಚಂದ್ರ ಸಿಗುತ್ತಾನೆ. ಹಿಂದಿನ ದಿನ ಚತುರ್ದಶಿಯಂದು ಅವನು ಇನ್ನೂ ಮೇಲೇರಿರುತ್ತಾನೆ. ಬಿದಿಗೆ-ತದಿಗೆಯ ಎಳೆಯ ಚಂದ್ರ ಬೇಕಾದವರು ಟ್ಯಾಂಕ್‌ಬಂಡಿಗೇ ಹೋಗಬೇಕು, ಅವನು ಪಶ್ಚಿಮದವನು. ಒಂದು ಎಚ್ಚರಿಕೆ: ಚಂದ್ರ ಆಕಾಶದಲ್ಲಿ ತನ್ನ ಅಗಲದಷ್ಟು ದೂರವನ್ನು ಎರಡೇ ನಿಮಿಷದಲ್ಲಿ ಕ್ರಮಿಸುತ್ತಾನೆ. ಮೂವತ್ತು ಸೆಕೆಂಡಿನ ಚಿತ್ರದಲ್ಲಿ ಕಾಲು ಅಗಲದಷ್ಟು ಸರಿದು ಮೊಟ್ಟೆಯಂತಾಗುತ್ತಾನೆ. ಅಲ್ಲದೆ ಪೂರ್ಣಚಂದ್ರನ ಬೆಳಕು ನಗರದ ಬೆಳಕಿಗಿಂತ ನೂರಾರು ಪಟ್ಟು ಪ್ರಖರ. ಅವನಿಗೆ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಚಂದ್ರನಿಗೊಂದು, ನಗರಕ್ಕೊಂದು ಎಂದು ಎರಡು ಚಿತ್ರ ತೆಗೆದು ಆಮೇಲೆ ಕೂಡಿಸುವುದಲ್ಲದೆ ಬೇರೆ ದಾರಿಯಿಲ್ಲ.

ದುರ್ಗಂ ಚೆರುವಿನ ತೂಗುಕಂಬಿಯ ಸೇತುವೆ 2020ರ ಸೆಪ್ಟೆಂಬರ್ 25ರಂದು ಉದ್ಘಾಟನೆಯಾಯಿತು. ಕಂಬಗಳ ನಡುವಿನ ಹರವು ಸುಮಾರು 234 ಮೀಟರ್. ಬಣ್ಣದ ದೀಪಗಳಿಂದಾಗಿ ಅಲ್ಲಿ ಕ್ಯಾಮೆರಾದವರ ಸಂತೆಯೇ ನೆರೆಯುತ್ತದೆ. ಸೇತುವೆಯ ಮೇಲೆ ನಿಂತು ತೆಗೆಯದೆ ಕೆರೆಯ ದಂಡೆಗೆ ಇಳಿಯಬೇಕೆಂಬುದು ನಮ್ಮ ಸಲಹೆ. ಕಾರಣವನ್ನು ಮುಂದೆ ಹೇಳಲಾಗಿದೆ. ಖಾಜಾಗುಡದ ಬಂಡೆಗಳ ಮೇಲಿನಿಂದಲೂ ಐಟಿ ವಲಯದ ವಿಶಾಲ ನೋಟವಿದೆ, ಆದರೆ ಕತ್ತಲಾದ ಮೇಲೆ ಬಂಡೆಯಿಳಿಯುವುದು ಸುಲಭವಲ್ಲ. ಒಬ್ಬರೇ ಹೋಗುವುದು ಬೇಡ, ಕೈದೀಪ ಮರೆಯುವುದು ಬೇಡ.

ಚಾರ್‌ಮಿನಾರ್ ವಿಷಯ ಬೇರೆ. ಅಲ್ಲಿ ಆಕಾಶರೇಖೆಗಿಂತ ಜನಜಂಗುಳಿಯದೇ ಸಮಸ್ಯೆ. ದೀರ್ಘಾವಧಿ ಚಿತ್ರದಲ್ಲಿ ನಡೆದಾಡುವ ಜನ ಕರಗಿಹೋಗುತ್ತಾರೆ, ನಿಂತವರು ಮಾತ್ರ ಉಳಿಯುತ್ತಾರೆ. ಇದು ಛಾಯಾಗ್ರಹಣದಷ್ಟೇ ಹಳೆಯ ಸಂಗತಿ. 1838ರಲ್ಲಿ ಲೂಯಿ ದಾಗೇರ್ ಪ್ಯಾರಿಸಿನ ಗಿಜಿಗುಡುವ ಬೀದಿಯೊಂದನ್ನು ಕೆಲವು ನಿಮಿಷಗಳ ಕಾಲ ತೆರೆದಿಟ್ಟ ಕ್ಯಾಮೆರಾದಲ್ಲಿ ಹಿಡಿದಾಗ ಗಾಡಿಗಳೂ ಜನರೂ ಮಾಯವಾಗಿ ಬೀದಿ ಬರಿದಾಗಿ ಕಂಡಿತು. ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಕದಲದೆ ನಿಂತಿದ್ದವನೊಬ್ಬ. ಚಾರ್‌ಮಿನಾರ್ ಮುಂದೆ ಹಾಗೆ ಉಳಿಯುವವರು ಬಳೆ, ಹಣ್ಣು ಮಾರುವವರು. ಸಂರಕ್ಷಿತ ಸ್ಮಾರಕಗಳ ಆವರಣದೊಳಗೆ ಟ್ರೈಪಾಡ್ ಬಳಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕೆಂಬುದು ನೆನಪಿರಲಿ.

ಅಲುಗಾಟ

ಕೈಯಲ್ಲಿ ಹಿಡಿದ ಕ್ಯಾಮೆರಾ ನಾಲ್ಕು ಸೆಕೆಂಡು ಸ್ಥಿರವಾಗಿರಲಾರದೆಂಬುದು ಎಲ್ಲರಿಗೂ ತಿಳಿದದ್ದೇ. ಟ್ರೈಪಾಡ್ ಮೇಲಿಟ್ಟರೂ ಅಲುಗುತ್ತದೆಯೆಂಬುದನ್ನು ನಾವು ಬಹುಕಾಲ ನಂಬಿರಲಿಲ್ಲ. ಟ್ಯಾಂಕ್‌ಬಂಡಿನಲ್ಲಿ ಒಂದು ಸಂಜೆ ತೆಗೆದ ಇಪ್ಪತ್ತು ಚಿತ್ರಗಳನ್ನು ಮನೆಗೆ ಬಂದು ಹಿಗ್ಗಿಸಿ ನೋಡಿದಾಗ ಐದಾರು ಮಾತ್ರ ಚೂಪಾಗಿದ್ದು ಉಳಿದವುಗಳಲ್ಲಿ ಪ್ರತಿಯೊಂದು ದೀಪಕ್ಕೂ ಜೋಡಿ ನೆರಳಿದ್ದಿತು. ಬಸ್ಸುಗಳು ಹಾದುಹೋಗುವಾಗ ರಸ್ತೆಯಂಚು ನಡುಗುತ್ತದೆ. ಕಾಲಿಗೆ ಅದು ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಸೇತುವೆಗಳ ಮೇಲೆ, ಪಾದಚಾರಿ ಮೇಲುದಾರಿಗಳ ಮೇಲೆ ಈ ನಡುಕ ಇನ್ನೂ ಹೆಚ್ಚು. ವಾಹನಗಳ ಸಾಲು ಮುಗಿದು ರಸ್ತೆ ಕ್ಷಣಕಾಲ ಬರಿದಾಗುವುದನ್ನು ಕಾದು ಆಗ ಷಟರ್ ತೆರೆಯಬೇಕು. ವಾಹನಗಳ ಬೆಳಕಿನ ಗೆರೆಗಳೇ ಬೇಕಾದಲ್ಲಿ ರಸ್ತೆಯಿಂದ ದೂರವಾದ ಗಟ್ಟಿ ನೆಲ ಹುಡುಕಬೇಕು.

ಟ್ರೈಪಾಡಿನ ತೆಳ್ಳಗಿನ ಕೊನೆಯ ಕಾಲುಗಳನ್ನು ಎಳೆಯದಿರುವುದು, ನಡುಗಂಬವನ್ನು ಎತ್ತದಿರುವುದು, ನೆಲಕ್ಕೆ ತಾಗುವಂತೆ ಚೀಲವೊಂದನ್ನು ತೂಗಹಾಕುವುದು ಒಳ್ಳೆಯದು. ಕೆರೆಯ ಗಾಳಿಗೆ ತೂಗಾಡುವ ಚೀಲ ಮಾತ್ರ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆಯಿದ್ದಲ್ಲಿ ಟ್ರೈಪಾಡ್ ಮೇಲೆ ಅದನ್ನು ನಿಲ್ಲಿಸಬೇಕು, ಇಲ್ಲವಾದರೆ ಕೆಲವು ಲೆನ್ಸುಗಳಲ್ಲಿ ಇಲ್ಲದ ಅಲುಗಾಟವನ್ನು ಅದೇ ಉಂಟುಮಾಡುತ್ತದೆ. ಗುಂಡಿಯನ್ನು ಬೆರಳಿನಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಬಳಸಬೇಕು. ಹಳೆಯ ಎಸ್‌ಎಲ್‌ಆರ್ ಮಾದರಿಯಾದಲ್ಲಿ ಒಳಗನ್ನಡಿಯನ್ನು ಮೊದಲೇ ಮೇಲೆತ್ತಿಸುವ ಸೌಲಭ್ಯವಿದ್ದರೆ ಅದನ್ನೂ ಬಳಸಬೇಕು.

ಟ್ರೈಪಾಡ್ ಕಂಡೊಡನೆ ಕಾವಲುಗಾರರು ಬಂದು ತಡೆಯುವ ಸ್ಥಳಗಳು ನಗರದಲ್ಲಿ ಹಲವು. ಅಂಥಲ್ಲಿ ವಾದಕ್ಕಿಳಿಯುವುದಕ್ಕಿಂತ ಸೇರು ಜೋಳ ತುಂಬಿ ಬಾಯಿ ಹೊಲಿದ ಬಟ್ಟೆಯ ಚೀಲವನ್ನು ಗೋಡೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಒರಗಿಸುವುದು ಮೇಲು. ನಮ್ಮ ಮನೆಯ ಜೋಳದ ಚೀಲ ಹತ್ತು ವರ್ಷಗಳಿಂದ ಸೇವೆ ಸಲ್ಲಿಸುತ್ತಿದೆ. ಎರಡು ಬಾರಿ ಮಾತ್ರ ಇಲಿ ಕಚ್ಚಿದೆ.

ಎಣಿಕೆ

ಐಎಸ್‌ಒ 100, ಅಪರ್ಚರ್ ಎಫ್-8 ಎಂದು ನಿಗದಿಪಡಿಸಿಕೊಂಡು ಆರಂಭಿಸಿದರೆ ಮುಸ್ಸಂಜೆಯ ಆ ಗಳಿಗೆಯಲ್ಲಿ ಎರಡರಿಂದ ಎಂಟು ಸೆಕೆಂಡು, ಪೂರ್ಣ ಕತ್ತಲಾದ ಮೇಲೆ ಹದಿನೈದರಿಂದ ಮೂವತ್ತು ಸೆಕೆಂಡು ಬೇಕಾಗುತ್ತದೆ. ಪ್ರತಿ ಬಾರಿ ಅಷ್ಟು ಹೊತ್ತು ಕಾದು ಪರೀಕ್ಷಿಸುವ ಅಗತ್ಯವಿಲ್ಲ. ಐಎಸ್‌ಒ 1600ರಲ್ಲಿ ಒಂದು ಸೆಕೆಂಡಿನ ಪರೀಕ್ಷಾಚಿತ್ರ ಸರಿಬಂದರೆ 100ರಲ್ಲಿ ಹದಿನಾರು ಸೆಕೆಂಡು ಸರಿಬರುತ್ತದೆ, ಒಂದಕ್ಕೆ ಹದಿನಾರರ ಲೆಕ್ಕ. ಸಾಯಂಕಾಲದ ಹದಿನೈದು ನಿಮಿಷದಲ್ಲಿ ಹೀಗೆ ಉಳಿಸಿದ ಒಂದೊಂದು ನಿಮಿಷವೂ ದೊಡ್ಡದು.

ಅಪರ್ಚರನ್ನು ಎಫ್-16ರಾಚೆ ಕಿರಿದಾಗಿಸಿದರೆ ಹೆಚ್ಚು ಚೂಪಾಗುವುದೆಂಬ ನಂಬಿಕೆ ಸರಿಯಲ್ಲ. ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಚದುರುವುದರಿಂದ ಚಿತ್ರ ಮೃದುವಾಗುತ್ತದೆ. ಆದರೆ ಬೀದಿದೀಪಗಳಿಗೆ ನಕ್ಷತ್ರದಂಥ ಕಿರಣಗಳು ಮೂಡುವುದು ಕಿರಿದಾದ ಅಪರ್ಚರಿನಿಂದಲೇ. ಎಫ್-11 ಎರಡಕ್ಕೂ ಒಪ್ಪುವ ನಡುದಾರಿ. ಫೋಕಸನ್ನು ದೂರದ ದೀಪವೊಂದರ ಅಂಚಿಗೆ ಹೊಂದಿಸಿ, ಪರದೆಯಲ್ಲಿ ಹಿಗ್ಗಿಸಿ ಖಚಿತಪಡಿಸಿಕೊಂಡು, ಆಮೇಲೆ ಸ್ವಯಂಚಾಲಿತ ಫೋಕಸನ್ನು ನಿಲ್ಲಿಸಿಬಿಡಬೇಕು. ಇಲ್ಲವಾದರೆ ಕತ್ತಲಲ್ಲಿ ಅದು ಹುಡುಕುತ್ತಲೇ ಇರುತ್ತದೆ. ಲೆನ್ಸಿನ ಮುಂದೆ ರಕ್ಷಣೆಗೆಂದು ಹಾಕಿದ ಗಾಜನ್ನು ರಾತ್ರಿಯಲ್ಲಿ ತೆಗೆಯಬೇಕು. ಆಕಾಶದಲ್ಲಿ ತಲೆಕೆಳಗಾಗಿ ತೇಲುವ ಹಸಿರು ದೀಪಗಳು ಆ ಗಾಜಿನ ಪ್ರತಿಫಲನಗಳೇ.

ಚಿತ್ರವು ಪರದೆಯ ಮೇಲೆ ಕತ್ತಲಲ್ಲಿ ಬಹು ಬೆಳಕಾಗಿ ಕಂಡು ಮೋಸಗೊಳಿಸುತ್ತದೆ. ಹಿಸ್ಟೋಗ್ರಾಂ ನೋಡಿಯೇ ನಿರ್ಧರಿಸಬೇಕು. ಸಣ್ಣ ದೀಪಗಳು ಬಿಳಿಚಿಕೊಂಡರೆ ಚಿಂತೆಯಿಲ್ಲ, ದೊಡ್ಡ ಜಾಹೀರಾತು ಫಲಕಗಳೂ ಬೆಳಗಿಸಿದ ಗುಮ್ಮಟಗಳೂ ಬಿಳಿಚಿಕೊಳ್ಳಬಾರದು. ಅಂಥಲ್ಲಿ ಕ್ಯಾಮೆರಾ ಕದಲಿಸದೆ ಕಡಿಮೆ ಅವಧಿಯ ಇನ್ನೊಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ದೀರ್ಘಾವಧಿಯಲ್ಲಿ ಸೆನ್ಸರ್ ಬಿಸಿಯಾಗಿ ಬಣ್ಣದ ಚುಕ್ಕೆಗಳು ಮೂಡುತ್ತವೆ. ಅದನ್ನು ನಿವಾರಿಸಲು ಕ್ಯಾಮೆರಾ ಅಷ್ಟೇ ಅವಧಿಯ ಕತ್ತಲ ಚಿತ್ರವೊಂದನ್ನು ತಾನೇ ತೆಗೆದು ಕಳೆಯುತ್ತದೆ. ಅಂದರೆ ಕಾಯುವ ಕಾಲ ಇಮ್ಮಡಿ. ಮುಸ್ಸಂಜೆಯಲ್ಲಿ ಅದನ್ನು ನಿಲ್ಲಿಸಿರಬೇಕು, ಕತ್ತಲಾದ ಮೇಲೆ ಬೇಕಾದರೆ ಚಾಲೂ ಮಾಡಬಹುದು.

ಮೊಬೈಲಿನವರೂ ನಿರಾಶರಾಗಬೇಕಿಲ್ಲ. ಮೊಬೈಲಿನ ರಾತ್ರಿ ಸೌಲಭ್ಯವು ಹಲವು ಕಿರು ಅವಧಿಯ ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಹೊಂದಿಸಿ ಕೂಡಿಸುತ್ತದೆ. ಅದನ್ನೂ ಗೋಡೆಗೋ ಜೋಳದ ಚೀಲಕ್ಕೋ ಒರಗಿಸಿದರೆ ಫಲಿತಾಂಶದಲ್ಲಿ ವ್ಯತ್ಯಾಸ ತಕ್ಷಣ ಕಾಣುತ್ತದೆ.

ಕಿತ್ತಳೆ ಬಣ್ಣದ ನಗರ

ಈಗಿನ ತರುಣರಿಗೆ ಹೇಳಿದರೆ ನಂಬಲಾರರು, ಇಪ್ಪತ್ತು ವರ್ಷಗಳ ಹಿಂದೆ ಈ ನಗರ ರಾತ್ರಿಯಲ್ಲಿ ಕಿತ್ತಳೆ ಬಣ್ಣದ್ದಾಗಿತ್ತು. ಸೋಡಿಯಂ ದೀಪಗಳ ಬೆಳಕು ಅದು. 2010ರ ದಶಕದ ಉತ್ತರಾರ್ಧದಲ್ಲಿ ಬೀದಿದೀಪಗಳು ಎಲ್‌ಇಡಿಗೆ ಬದಲಾದ ಮೇಲೆ ನಗರ ಬಿಳಿಯಾಯಿತು. ಇದರಿಂದ ಛಾಯಾಗ್ರಾಹಕರಿಗೆ ಅನುಕೂಲವೂ ತೊಡಕೂ ಉಂಟು. ಬಿಳಿಯ ಬೀದಿದೀಪ, ಹಳದಿಯ ಕಟ್ಟಡ, ನೇರಳೆಯ ಅಲಂಕಾರ ದೀಪ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಸೇರಿದಾಗ ಯಾವುದಕ್ಕೂ ಹೊಂದುವ ಒಂದು ಬಣ್ಣದ ಹೊಂದಾಣಿಕೆ ಇಲ್ಲ. ಚಿತ್ರವನ್ನು ರಾ ರೂಪದಲ್ಲಿ ಉಳಿಸಿಕೊಂಡರೆ ಈ ನಿರ್ಧಾರವನ್ನು ಮನೆಗೆ ಬಂದು ಸಾವಧಾನವಾಗಿ ಮಾಡಬಹುದು. 3500ರಿಂದ 4000 ಕೆಲ್ವಿನ್ ನಡುವೆ ಇರಿಸಿದರೆ ಆಕಾಶದ ನೀಲಿ ಉಳಿದು ದೀಪಗಳ ಬೆಚ್ಚನೆಯೂ ಉಳಿಯುತ್ತದೆಂಬುದು ನಮ್ಮ ಅನುಭವ. ನೀಲಿಯನ್ನು ಗಣಕದಲ್ಲಿ ಹೆಚ್ಚಿಸುತ್ತ ಹೋಗುವ ಈಚಿನ ಚಾಳಿ ನಮಗೆ ಹಿಡಿಸದು. ಹುಸೇನ್ ಸಾಗರದ ನೀರು ಅಷ್ಟು ನೀಲಿಯಲ್ಲವೆಂಬುದು ಅದರ ದಡದಲ್ಲಿ ಉಸಿರಾಡಿದವರಿಗೆಲ್ಲ ಗೊತ್ತು.

2003ರ ಚಳಿಗಾಲದಲ್ಲಿ ನಾವು ಫಿಲ್ಮಿನ ಕ್ಯಾಮೆರಾದಲ್ಲಿ ಟ್ಯಾಂಕ್‌ಬಂಡಿನ ಉತ್ತರದ ತುದಿಯಿಂದ ಒಂದು ಸುರುಳಿ ಪೂರ್ತಿ ತೆಗೆದೆವು. ದೀರ್ಘಾವಧಿಯಲ್ಲಿ ಫಿಲ್ಮಿನ ಗ್ರಹಣಶಕ್ತಿ ಕುಗ್ಗುವುದರಿಂದ ಲೆಕ್ಕಕ್ಕಿಂತ ಹೆಚ್ಚು ಹೊತ್ತು ತೆರೆದಿಡಬೇಕೆಂಬುದು ನಮಗೆ ತಿಳಿದಿರಲಿಲ್ಲ. ಹಗಲಿನ ಫಿಲ್ಮಿನ ಮೇಲೆ ಸೋಡಿಯಂ ದೀಪ ಬಿದ್ದರೆ ಏನಾಗುವುದೆಂಬುದೂ ತಿಳಿದಿರಲಿಲ್ಲ. ಮೂವತ್ತಾರೂ ಚಿತ್ರಗಳು ಕಂದು-ಕಿತ್ತಳೆಯಾಗಿ, ಅರೆಗತ್ತಲಾಗಿ ಬಂದವು. ಬೇಸರದಿಂದ ಪ್ರತಿಗಳನ್ನೆಲ್ಲ ಹರಿದೆವು. ನೆಗೆಟಿವಿನ ಒಂದು ಪಟ್ಟಿ ಮಾತ್ರ ಮನೆಯವರು ಗಮನಿಸದೆ ಪುಸ್ತಕದೊಳಗಿಟ್ಟದ್ದರಿಂದ ಉಳಿಯಿತು.

2020ರ ಜುಲೈನಲ್ಲಿ ಹಳೆಯ ಸಚಿವಾಲಯದ ಕಟ್ಟಡಗಳನ್ನು ಕೆಡವಲಾಯಿತು. ಅದೇ ಸ್ಥಳದಲ್ಲಿ ಕಟ್ಟಿದ ಹೊಸ ಸಚಿವಾಲಯ 2023ರ ಏಪ್ರಿಲ್ 30ರಂದು ಉದ್ಘಾಟನೆಯಾಯಿತು. ಅದಕ್ಕೆ ಎರಡು ವಾರ ಮೊದಲು, ಏಪ್ರಿಲ್ 14ರಂದು, ಪಕ್ಕದಲ್ಲಿ ಅಂಬೇಡ್ಕರರ 125 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ಕೆರೆಯ ದಕ್ಷಿಣದ ಆಕಾಶರೇಖೆ ಮೂರೇ ವರ್ಷಗಳಲ್ಲಿ ಸಂಪೂರ್ಣ ಬದಲಾಯಿತು. ಆಗ ನಮಗೆ ಆ ನೆಗೆಟಿವ್ ನೆನಪಾಗಿ ಸ್ಕ್ಯಾನ್ ಮಾಡಿಸಿದೆವು. ಬಣ್ಣ ಕೆಟ್ಟ ಆ ಚಿತ್ರಗಳಲ್ಲಿ ಹಳೆಯ ಸಚಿವಾಲಯದ ಕಿಟಕಿಗಳ ಸಾಲು, ಅವುಗಳ ಕೆಳಗೆ ನೀರಿನಲ್ಲಿ ಕಿತ್ತಳೆಯ ಗೆರೆಗಳು ಇದ್ದವು. ನಮ್ಮ ಹಿರಿಯರೊಬ್ಬರು ಆ ಕಚೇರಿಗಳಲ್ಲಿ ಬಾಳಿನ ಅರ್ಧವನ್ನು ಕಳೆದವರು. 1956ರಲ್ಲಿ ಕಲಬುರಗಿ, ಬೀದರ್, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಊರಿಗೆ ಮರಳದೆ ಇಲ್ಲಿಯೇ ಉಳಿದವರು. ಅವರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ತಮ್ಮ ಕೋಣೆಯ ಕಿಟಕಿಯನ್ನು ಎಣಿಸಿ ತೋರಿಸಿದರು. ಹರಿದುಹಾಕಿದ ಉಳಿದ ಚಿತ್ರಗಳು ನಮಗೆ ಈಗ ಸಿಗುವಂತಿಲ್ಲ.

ಈ ನಗರದ ಹತ್ತೊಂಬತ್ತನೆಯ ಶತಮಾನದ ರೂಪ ನಮಗೆ ತಿಳಿದಿರುವುದು ಬಹುಮಟ್ಟಿಗೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳರಿಂದ. ಅವರ ಗಾಜಿನ ಫಲಕಗಳನ್ನು ಕಾಪಾಡಿಕೊಂಡು ಬಂದವರಿದ್ದರು. ನಮ್ಮ ಚಿತ್ರಗಳನ್ನು ಕಾಪಾಡುವವರು ನಾವೇ. ಆದ್ದರಿಂದ ಕ್ಯಾಮೆರಾದ ಗಡಿಯಾರವನ್ನು ಸರಿಯಾಗಿಟ್ಟುಕೊಂಡು, ಚಿತ್ರದ ಹೆಸರಿನಲ್ಲಿ ದಿನಾಂಕವನ್ನೂ ನಿಂತ ಸ್ಥಳವನ್ನೂ ಬರೆಯಬೇಕು. ಮೂಲ ಕಡತವನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಬೇಕು. ಒಂದು ಊರಿನ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಹಳೆಯ ನೆಗೆಟಿವುಗಳಿದ್ದವರು ಮಳೆಗಾಲಕ್ಕೆ ಮುನ್ನ ಅವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಗೆ ಸೇರಿಸಬೇಕು, ಬೂಷ್ಟು ಹಿಡಿದರೆ ಮರಳಿ ಪಡೆಯುವುದು ಕಷ್ಟ.

ಸಾಧ್ಯವಿದ್ದವರು ವರ್ಷಕ್ಕೊಮ್ಮೆ ಅದೇ ಸ್ಥಳದಿಂದ, ಅದೇ ಲೆನ್ಸಿನಿಂದ, ಅದೇ ಹೊತ್ತಿನಲ್ಲಿ ಒಂದು ಚಿತ್ರ ತೆಗೆದಿಡಬಹುದು. ಕಳೆದ ಡಿಸೆಂಬರಿನಲ್ಲಿ ನಾವು 2003ರ ಚಿತ್ರವನ್ನು ಕೈಯಲ್ಲಿ ಹಿಡಿದು ಟ್ಯಾಂಕ್‌ಬಂಡಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು, ಬುದ್ಧನಿಗೂ ಮಂದಿರಕ್ಕೂ ನಡುವಿನ ಅಂತರ ಎರಡರಲ್ಲೂ ಒಂದೇ ಆಗುವವರೆಗೆ ಜಾಗ ಹುಡುಕಿದೆವು. ಸಿಕ್ಕಿದಾಗ 6-02 ಆಗಿತ್ತು. ಎಫ್-8, ನಾಲ್ಕು ಸೆಕೆಂಡು.